ಬೈದ್ರೆ ಮಾತ್ರ ಪೀಸ್ ಬರುತ್ತೆ

(ಹೆಸರು, ವಯಸ್ಸು, ಫ್ಯಾಕ್ಟರಿಯ ಗುರುತು ಎಲ್ಲ ಬದಲಿಸಿದ್ದೇನೆ. ಬರೆಯೋಕೆ ಅವರ ಒಪ್ಪಿಗೆ ಇದೆ.)

ಅವರನ್ನು ರಮೇಶ್ ಅಂತ ಕರೆಯೋಣ. ನಲವತ್ತೈದರ ಆಸುಪಾಸು. ಬೆಂಗಳೂರಿನ ಹೊರವಲಯದ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಫ್ಲೋರ್ ಇನ್‌ಚಾರ್ಜ್. ಹತ್ತೊಂಬತ್ತನೇ ವಯಸ್ಸಿಗೆ ಹೆಲ್ಪರ್ ಆಗಿ ಸೇರಿದವರು. ಆಮೇಲೆ ಟೈಲರ್, ಲೈನ್ ಸೂಪರ್‌ವೈಸರ್, ಈಗ ಆರು ಲೈನ್‌ಗಳ, ಅಂದರೆ ಹೊಲಿಗೆ ಮೆಷಿನ್ ಸಾಲುಗಳ, ಜವಾಬ್ದಾರಿ. ಸ್ವಂತ ಇಷ್ಟದಿಂದ ನನ್ನ ಹತ್ತಿರ ಆಪ್ತಸಲಹೆಗೆ ಬಂದವರಲ್ಲ. ಒಂದು ಲೈನ್‌ನಿಂದ ಒಂದೇ ತಿಂಗಳಲ್ಲಿ ಹನ್ನೊಂದು ಜನ ಕೆಲಸ ಬಿಟ್ಟಿದ್ದರು. ಹೋಗುವಾಗ ಹೆಚ್ಚಿನವರು ಕೊಟ್ಟ ಕಾರಣ, "ಸರ್ ಬಾಯಿ." ಎಚ್‌ಆರ್‌ನವರು ಕಳಿಸಿದರು.

"ಹುಚ್ಚು ಹಿಡಿದವರು ಬರೋ ಜಾಗಕ್ಕೆ ನನ್ನ ಕಳಿಸಿದ್ದಾರೆ ಮೇಡಂ" ಅಂತಲೇ ಕೂತರು.

ಇಲ್ಲಿ ಆಡಿದ ಮಾತು ಆಫೀಸಿಗೆ ಹೋಗಲ್ಲ, ಬಂದ್ರೋ ಇಲ್ವೋ ಅನ್ನೋದಷ್ಟೇ ಹೋಗುತ್ತೆ ಅಂತ ಮೊದಲು ಹೇಳಿದೆ. ಆಮೇಲೆ ನೇರವಾಗಿ ಕೇಳಿದೆ, ಏನಂತ ಬೈತೀರಿ? ಈ ಪ್ರಶ್ನೆ ಬಿಡೋ ಹಾಗಿಲ್ಲ. ಬೈಗುಳದಲ್ಲಿ ಅಶ್ಲೀಲ ಇದ್ದಿದ್ದರೆ ಇದು ಆಪ್ತಸಲಹೆಯಲ್ಲಿ ಮುಗಿಯೋ ವಿಷಯವೇ ಅಲ್ಲ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿ ನೋಡಬೇಕಾದದ್ದು. ಇವರ ಬೈಗುಳ ಆ ಥರದ್ದಲ್ಲ. "ಕೈಯಲ್ಲಿ ಜೀವ ಇಲ್ವಾ", "ಮನೆಗೆ ಹೋಗಿ ರೊಟ್ಟಿ ತಟ್ಟು", "ಸಂಬಳ ಬೇಕು, ಕೆಲಸ ಬೇಡ". ಇಡೀ ಲೈನಿಗೆ ಕೇಳೋ ಹಾಗೆ. ಕೇಳಿಸಿಕೊಳ್ಳೋರಿಗೆ ಇದೂ ಕಡಿಮೆ ಅಲ್ಲ, ಅದನ್ನೂ ಹೇಳಿದೆ.

ಅವರ ವಾದ ಚಿಕ್ಕದು. (ಪೀಸ್ ಅಂದರೆ ಹೊಲಿದು ಮುಗಿದ ಬಟ್ಟೆ.) "ಬೈದ್ರೆ ಪೀಸ್ ಬರುತ್ತೆ. ಇದು ನನ್ನ ಅಭಿಪ್ರಾಯ ಅಲ್ಲ, ಇಪ್ಪತ್ತು ವರ್ಷ ಕಣ್ಣಾರೆ ನೋಡಿರೋದು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಲೈನ್ ಕೊನೆಯಲ್ಲಿ ಒಂದು ಬೋರ್ಡ್ ಇರುತ್ತೆ. ಗಂಟೆಗೊಮ್ಮೆ ಅದರಲ್ಲಿ ಟಾರ್ಗೆಟ್ ಎಷ್ಟು, ಆಗಿದ್ದೆಷ್ಟು ಅಂತ ಬರೆಯುತ್ತಾರೆ. ಗಂಟೆಗೆ ನೂರು ಶರ್ಟ್ ಬರಬೇಕಾದ ಲೈನ್‌ನಲ್ಲಿ ಅರವತ್ತು ಬಂತು ಅನ್ನಿ, ರಮೇಶ್ ಹೋಗಿ ಕೂಗಾಡುತ್ತಾರೆ. ಮುಂದಿನ ಗಂಟೆ ತೊಂಬತ್ತು. ಒಂದು ದಿನ ನೂರಾ ಹದಿನೈದು ಬಂತು ಅಂತ ಹೊಗಳಿದರೆ ಮುಂದಿನ ಗಂಟೆ ತೊಂಬತ್ತೈದಕ್ಕೆ ಇಳಿಯುತ್ತೆ. "ನೋಡಿ, ಹೊಗಳಿದ್ರೆ ತಲೆ ಮೇಲೆ ಕೂರ್ತಾರೆ" ಅಂದರು.

ಇಂಥ ಕಡೆ ಬೈಯೋದು ತಪ್ಪು ಅಂತ ಉಪದೇಶ ಮಾಡಿದರೆ ಮನುಷ್ಯ ಮತ್ತೆ ಬರಲ್ಲ. ಕಣ್ಣಾರೆ ಕಂಡದ್ದನ್ನ ಉಪದೇಶ ಸೋಲಿಸಲ್ಲ. ಅದಕ್ಕೇ ಒಂದು ಆಟ ಆಡಿಸಿದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿ, ಬೆನ್ನು ತಿರುಗಿಸಿ ನಿಂತು ಒಂದು ರೂಪಾಯಿ ನಾಣ್ಯವನ್ನು ಅದರ ಕಡೆ ಎಸೆಯಿರಿ ಅಂದೆ. ಎಷ್ಟು ದೂರ ಬಿತ್ತು, ಅಳೆದು ಬರೆದೆವು. ಆಮೇಲೆ ಇನ್ನೊಮ್ಮೆ. ಹೀಗೇ ಒಂದಷ್ಟು ಜೋಡಿ ಎಸೆತ. ಮೊದಲ ಸಲ ತೀರಾ ದೂರ ಬಿದ್ದದ್ದು ಎರಡನೇ ಸಲ ಸಾಮಾನ್ಯವಾಗಿ ಹತ್ತಿರ ಬಂತು. ಮೊದಲ ಸಲ ಗುರುತಿನ ಮೇಲೇ ಬಿದ್ದದ್ದು ಎರಡನೇ ಸಲ ದೂರ ಹೋಯ್ತು. "ನಾಣ್ಯಕ್ಕೆ ಯಾರು ಬೈದ್ರು ರಮೇಶ್?" ಅಂದೆ. ಅವತ್ತು ಮೊದಲ ಸಲ ನಕ್ಕರು.

ಈ ಆಟ ನನ್ನದಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಅವರದು. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಅವರು 1960ರ ದಶಕದಲ್ಲಿ ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ, ಹೊಗಳಿದರೆ ಜನ ಚೆನ್ನಾಗಿ ಕಲಿಯುತ್ತಾರೆ ಅಂತ ಪಾಠ ಮಾಡುತ್ತಿದ್ದರು. ಹಿರಿಯ ತರಬೇತುದಾರರೊಬ್ಬರು ಎದ್ದು, ನಮ್ಮಲ್ಲಿ ಹಾಗಾಗಲ್ಲ, ಹೊಗಳಿದ ಹುಡುಗ ಮುಂದಿನ ಸಲ ಕೆಡಿಸ್ತಾನೆ, ಬೈದವನು ಸುಧಾರಿಸ್ತಾನೆ ಅಂದರು. ಥೇಟ್ ನಮ್ಮ ರಮೇಶ್. ಆಗ ಕಾನ್‌ಮನ್ ಅಲ್ಲೇ ಗುರುತು ಹಾಕಿ ಎಲ್ಲರ ಕೈಲೂ ನಾಣ್ಯ ಎಸೆಸಿದರು.

ಲೈನಿನಲ್ಲಿ ಆಗೋದೂ ಇದೇ. ಒಂದು ಗಂಟೆ ಅರವತ್ತಕ್ಕೆ ಬಿತ್ತು ಅಂದರೆ ಆ ಗಂಟೆ ಎರಡು ಮೂರು ಗ್ರಹಚಾರ ಒಟ್ಟಿಗೆ ವಕ್ಕರಿಸಿರುತ್ತವೆ. ಬಟ್ಟೆ ಕತ್ತರಿಸೋ ವಿಭಾಗದಿಂದ ಬಂಡಲ್ ತಡ. ಕಾಲರ್ ಕೂರಿಸೋ ಟೈಲರ್ ರಜೆ. ಒಂದು ಮೆಷಿನ್‌ನಲ್ಲಿ ದಾರ ಕಟ್ ಕಟ್. ಮುಂದಿನ ಗಂಟೆಗೂ ಇವೆಲ್ಲ ಒಟ್ಟಿಗೆ ಬರೋದು ಅಪರೂಪ. ಹಾಗಾಗಿ ಯಾರೂ ಏನೂ ಮಾಡದಿದ್ದರೂ ಲೈನ್ ಹೆಚ್ಚುಕಡಿಮೆ ತನ್ನ ಮಾಮೂಲಿಗೆ ಬರುತ್ತೆ. ರಮೇಶ್ ಬೈಯೋಕೆ ಹೋಗ್ತಿದ್ದದ್ದು ತೀರಾ ಕೆಟ್ಟ ಗಂಟೆಯಲ್ಲಿ ಮಾತ್ರ. ಹಾಗಾಗಿ ಬೈಗುಳದ ಹಿಂದೆಯೇ ಸುಧಾರಣೆ ಬಂದ ಹಾಗೆ ಕಾಣುತ್ತೆ.

ಒಪ್ಪಿದರಾ? ಇಲ್ಲ. "ನಾಣ್ಯಕ್ಕೆ ಸೋಮಾರಿತನ ಇಲ್ಲ ಮೇಡಂ, ಜನಕ್ಕೆ ಇದೆ." ಒಳ್ಳೆ ಮಾತೇ. ಹಾಗಾದರೆ ಜನರ ಮೇಲೇ ನೋಡೋಣ ಅಂದೆ. ನಾಲ್ಕನೇ ಲೈನ್ ಒಂದನ್ನು ಆರಿಸಿಕೊಂಡೆವು. ಅಲ್ಲಿ ಗಂಟೆ ಕೆಟ್ಟರೆ ಹೋಗಬೇಡಿ, ಮುಂದಿನ ಗಂಟೆ ಎಷ್ಟು ಬಂತು ಬರೆದಿಡಿ, ಅಷ್ಟೇ. ಉಳಿದ ಐದು ಲೈನ್ ಬಗ್ಗೆ ನಾನು ಸುಮ್ಮನಿದ್ದೆ. ಬೈಯಿರಿ ಅನ್ನೋ ಹಾಗಿಲ್ಲ, ಎಲ್ಲ ಕಡೆ ನಿಲ್ಲಿಸಿ ಅಂದರೆ ಮಾಡುತ್ತಿರಲಿಲ್ಲ.

ಒಂದು ವಾರ ಬಿಟ್ಟು ಹಾಳೆ ತಂದರು. ಕೆಟ್ಟ ಗಂಟೆಗಳ ಮುಂದಿನ ಗಂಟೆ ಹೆಚ್ಚಿನ ಸಲ ಸರಿಯಾಗಿತ್ತು, ಯಾರೂ ಬೈಯದೆ. ಅದಕ್ಕೂ ಅವರ ಹತ್ತಿರ ಉತ್ತರ ಇತ್ತು. "ಈಗ ಬರ್ತಾನೆ ಅಂತ ಭಯದಲ್ಲೇ ಮಾಡಿದ್ದಾರೆ."

ಇಲ್ಲಿ ನಿಂತು ಕೇಳಿದೆ. ಬೈದಾಗ ಪೀಸ್ ಬಂದ್ರೆ ಬೈದದ್ದಕ್ಕೆ ಬಂತು. ಬೈಯದೆ ಬಂದ್ರೆ ಬೈತೀರಿ ಅನ್ನೋ ಭಯಕ್ಕೆ ಬಂತು. ಹಾಗಾದ್ರೆ ಏನಾದ್ರೆ ನಿಮ್ಮ ನಂಬಿಕೆ ತಪ್ಪು ಅಂತ ಒಪ್ತೀರಿ?

ಉತ್ತರ ಹೊಳೆಯಲಿಲ್ಲ ಅವರಿಗೆ. ಜನರನ್ನು ನಡೆಸೋರ ಜೊತೆ ಮಾತಾಡುವಾಗ ನಾನು ಕಾಯೋದು ಈ ಜಾಗಕ್ಕೆ. ಏನೇ ಆದರೂ ಸರಿಯೇ ಅನ್ನೋ ನಂಬಿಕೆ ಇಟ್ಟುಕೊಂಡವರಿಗೆ ಹೊಸದೇನೂ ಕಾಣಲ್ಲ. ಅದಕ್ಕೆ ಅವರ ಕೈಲಿ ಮೊದಲೇ ಬರೆಸಿದೆ. "ನಾಲ್ಕನೇ ಲೈನಿಗೆ ಎರಡು ವಾರ ಬೈಯಲ್ಲ ಅಂತ ನಾನೇ ಹೇಳ್ತೀನಿ. ಹೇಳಿದ ಮೇಲೆ ದಿನದ ಪೀಸ್ ನೂರಾದರೂ ಕಡಿಮೆಯಾಗುತ್ತೆ. ಆಗದಿದ್ರೆ ನಾನು ಅಂದುಕೊಂಡಿದ್ದು ತಪ್ಪು." ಕೆಳಗೆ ಸಹಿ, ತಾರೀಖು.

ನಡುವೆ ಇನ್ನೊಂದು ವಿಷಯ ಹೊರಬಂತು. ನನ್ನ ಪ್ರಕಾರ ನಿಜವಾದ ಗಂಟು ಇದ್ದದ್ದು ಇಲ್ಲೇ. ಸೇರಿದ ಹೊಸದರಲ್ಲಿ ಅವರಿಗೊಬ್ಬ ಮಾಸ್ಟರ್ ಇದ್ದರಂತೆ. ಸ್ಕೇಲಿನಲ್ಲಿ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಕೆಲಸ ಕಲಿಸಿದವರೂ ಅವರೇ, ಚೀಟಿ ದುಡ್ಡು ಕೊಟ್ಟು ತಂಗಿ ಮದುವೆ ದಾಟಿಸಿದವರೂ ಅವರೇ. "ಅವರು ಹಾಗೆ ಮಾಡಿದ್ದಕ್ಕೇ ನಾನು ಇಲ್ಲಿದ್ದೀನಿ." ಬೈಯೋದು ತಪ್ಪು ಅಂತ ಒಪ್ಪಿದರೆ ಆ ಮನುಷ್ಯನಿಗೆ ದ್ರೋಹ ಬಗೆದ ಹಾಗೆ ಅನಿಸುತ್ತಿತ್ತು ಇವರಿಗೆ. ಲೆಕ್ಕದ ಹಾಳೆ ಎಷ್ಟು ತೋರಿಸಿದರೂ ಜಗ್ಗದಿದ್ದದ್ದು ಅದಕ್ಕೇ.

ನಿಮ್ಮ ಜೊತೆ ಸೇರಿದ ಹುಡುಗರು ಈಗೆಲ್ಲಿ ಅಂತ ಕೇಳಿದೆ. ಒಬ್ಬ ಆಟೋ ಓಡಿಸುತ್ತಾನೆ, ಇಬ್ಬರು ಊರಿಗೆ ಹೋದರು, ಒಬ್ಬ ಏನಾದನೋ ಗೊತ್ತಿಲ್ಲ. ಅವರೂ ಅದೇ ಸ್ಕೇಲಿನ ಏಟು ತಿಂದವರು ಅಲ್ವಾ? "ಹ್ಞೂಂ" ಅಂದರು. ಮಾಸ್ಟರ್ ಮೇಲಿನ ಋಣ ಹಾಗೇ ಇರಲಿ, ಅದನ್ನ ಯಾರೂ ಕಿತ್ತುಕೊಳ್ಳಲ್ಲ. ಅವರ ಸ್ಕೇಲು ಮಾತ್ರ ನೀವು ಹೊರಬೇಕಾಗಿಲ್ಲ ಅಂದೆ. ನಾನು ಕೊಟ್ಟ ಸಲಹೆಗಳಲ್ಲಿ ಅವರಿಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ ಅಂತ ಆಮೇಲೆ ಅವರೇ ಹೇಳಿದರು.

ಕಾಲ ಬದಲಾದದ್ದೂ ಅವರಿಗೆ ಗೊತ್ತಿತ್ತು, ಲೆಕ್ಕಕ್ಕೆ ತಗೊಂಡಿರಲಿಲ್ಲ ಅಷ್ಟೇ. ಆಗ ಕೆಲಸ ಬಿಟ್ಟರೆ ಇನ್ನೊಂದು ಸಿಗೋದು ಕಷ್ಟ ಇತ್ತು. ಈಗ ಮಂಡ್ಯ, ರಾಮನಗರದ ಕಡೆಯೂ ಫ್ಯಾಕ್ಟರಿಗಳಿವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಸರ್ಕಾರಿ ಬಸ್ ಚಾರ್ಜೂ ಇಲ್ಲ. "ಎರಡು ಸ್ಟಾಪ್ ಮುಂದಿನ ಫ್ಯಾಕ್ಟರಿಗೆ ಹೋಗ್ತಾರೆ, ಅಷ್ಟೇ" ಅಂತ ಅವರೇ ಅಂದರು. 2016ರ ಏಪ್ರಿಲ್ ಮಾತೂ ಬಂತು. ಪಿಎಫ್ ದುಡ್ಡು ತೆಗೆಯೋ ನಿಯಮ ಬಿಗಿ ಮಾಡಿದ್ದಕ್ಕೆ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗಿಳಿದು, ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸ್ ತಗೊಂಡಿತಲ್ಲ, ಆಗ. "ಲಗಾಮು ಸಡಿಲ ಬಿಟ್ರೆ ಹೀಗಾಗುತ್ತೆ" ಅಂತ ಅವತ್ತು ಅಂದುಕೊಂಡಿದ್ದರಂತೆ. ಅವರ ದುಡ್ಡಿಗೆ ಕೈ ಹಾಕಿದ್ದಕ್ಕೆ ಎದ್ದರು ಅಂತ ಯಾಕೆ ಅನಿಸಲಿಲ್ಲ ಅಂತ ಕೇಳಿದೆ. ಉತ್ತರ ಬೇಕು ಅಂತ ಕೇಳಿದ್ದಲ್ಲ, ಮುಂದಕ್ಕೆ ಹೋದೆವು.

ಎರಡು ವಾರದ ಲೆಕ್ಕ ಬಂತು. ಪೀಸ್ ಕಡಿಮೆಯಾಗಿರಲಿಲ್ಲ, ಜಾಸ್ತಿಯೂ ಆಗಿರಲಿಲ್ಲ. ಪವಾಡ ಏನೂ ನಡೆಯಲಿಲ್ಲ. ಆದರೆ ಮೊದಲ ವಾರದಲ್ಲೇ ಅವರು ಗಾಬರಿಯಿಂದ ಫೋನ್ ಮಾಡಿದ್ದರು. ಆಲ್ಟರ್ ಪೀಸ್, ಅಂದರೆ ತಪ್ಪಾಗಿ ಮತ್ತೆ ಹೊಲಿಯಬೇಕಾದವು, ಏರಿದೆ, ಸೂಜಿ ಮುರಿತವೂ ಏರಿದೆ. "ನೋಡಿದ್ರಾ ಮೇಡಂ, ಸದರ ಕೊಟ್ರೆ ಇಷ್ಟೇ."

ಸೂಜಿ ರಿಜಿಸ್ಟರ್ ತನ್ನಿ ಅಂದೆ. ಗಾರ್ಮೆಂಟ್ಸ್‌ನಲ್ಲಿ ಸೂಜಿ ಮುರಿದರೆ ಅದರ ಎಲ್ಲ ಚೂರೂ ಹುಡುಕಿ, ಒಂದು ಹಾಳೆಗೆ ಟೇಪಿನಲ್ಲಿ ಅಂಟಿಸಿ, ಯಾವ ಮೆಷಿನ್, ಎಷ್ಟು ಹೊತ್ತು ಅಂತ ಬರೆದ ಮೇಲೇ ಹೊಸ ಸೂಜಿ. ಚೂರು ಬಟ್ಟೆಯಲ್ಲಿ ಉಳಿದು ಯಾವುದೋ ದೇಶದ ಮಗುವಿಗೆ ಚುಚ್ಚಿದರೆ ಆರ್ಡರೇ ಹೋಗುತ್ತೆ. ರಿಜಿಸ್ಟರಿನ ಹಳೆಯ ಹಾಳೆಗಳಲ್ಲಿ ನಾಲ್ಕನೇ ಲೈನಿನ ಹೆಸರು ಅಲ್ಲೊಂದು ಇಲ್ಲೊಂದು. ಹೊಸ ಹಾಳೆಗಳಲ್ಲಿ ಸಾಲು ಸಾಲು ಚೂರು, ಕೆಲವು ಅಕ್ಕಿ ನುಚ್ಚಿನಷ್ಟು ಸಣ್ಣವು. ಅವುಗಳ ಮೇಲೆ ಹಳದಿ ಟೇಪು, ಪಕ್ಕದಲ್ಲಿ ಟೈಲರ್ ಸಹಿ.

"ಮೊದಲು ಸೂಜಿ ಮುರೀತಾ ಇರಲಿಲ್ವಾ?" ಅಂದೆ. ಅವರು ಹಾಳೆ ಮೇಲೆ ಬೆರಳಾಡಿಸುತ್ತಾ ಇದ್ದರು. ಸ್ವಲ್ಪ ಹೊತ್ತಾದ ಮೇಲೆ, "ಪರ್ಸ್‌ನಲ್ಲಿ ಸ್ವಂತ ಸೂಜಿ ಇಟ್ಕೊಂಡಿರ್ತಾರೆ. ಮುರಿದ್ರೆ ಹೇಳದೆ ಹಾಕ್ಕೋತಾರೆ. ನಾನೂ ಟೈಲರ್ ಆಗಿದ್ದಾಗ ಹಾಗೇ ಮಾಡ್ತಿದ್ದೆ" ಅಂದರು.

ಎಮಿ ಎಡ್ಮಂಡ್‌ಸನ್ ಅನ್ನೋ ಸಂಶೋಧಕಿ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಇಂಥದ್ದನ್ನೇ ಕಂಡರು. ಒಳ್ಳೆಯ ನರ್ಸ್ ತಂಡಗಳಲ್ಲೇ ಔಷಧಿ ತಪ್ಪುಗಳು ಜಾಸ್ತಿ ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಬಾಯಿಬಿಟ್ಟು ಹೇಳೋಕೆ ಹೆದರಿಕೆ ಇರಲಿಲ್ಲ ಅನ್ನೋದು ಅವರು ಕೊಟ್ಟ ವಿವರಣೆ. ಇದನ್ನ ರಮೇಶ್‌ಗೆ ಹೇಳೋ ಅಗತ್ಯವೇ ಬೀಳಲಿಲ್ಲ. ಪರ್ಸಿನ ಸೂಜಿ ಸಾಕಾಗಿತ್ತು.

ಆಮೇಲೆ ಕೊಟ್ಟ ಸಲಹೆ ಬಹಳ ಸರಳ. ಗಂಟೆ ಕೆಟ್ಟರೆ ಲೈನಿಗೆ ಹೋಗಿ, ಆದರೆ "ಎಲ್ಲಿ ನಿಂತಿದೆ?" ಅನ್ನೋ ಒಂದೇ ಪ್ರಶ್ನೆ ಕೇಳಿ ಬಾಯಿ ಮುಚ್ಚಿ ನಿಲ್ಲಿ. ಕೆಟ್ಟ ಸುದ್ದಿ ತಂದವರಿಗೆ ಮೊದಲು ಥ್ಯಾಂಕ್ಸ್, ಆಮೇಲೆ ರಿಪೇರಿ. ಬೈದ ದಿನ ಅದನ್ನೂ ಡೈರಿಯಲ್ಲಿ ಬರೆಯಿರಿ, ಯಾಕೆ ಬೈದೆ ಅಂತ. ಡೈರಿ ನೋಡಿದರೆ ಬೈಗುಳಗಳಲ್ಲಿ ಎಷ್ಟೋ ಮೇಲಿನ ಮೀಟಿಂಗ್‌ನಲ್ಲಿ ಇವರೇ ಬೈಸಿಕೊಂಡು ಬಂದ ಮೇಲಿನವು. ಮೇಲಿನವರನ್ನ ಬದಲಿಸೋಕೆ ನನ್ನ ಕೈಲಿ ಆಗಲ್ಲ. ಮೀಟಿಂಗ್ ಮುಗಿದ ಮೇಲೆ ಟೀ ಕುಡಿದು ಆಮೇಲೆ ಫ್ಲೋರಿಗೆ ಇಳಿಯಿರಿ ಅಂದೆ. ಇಂಥ ಚಿಲ್ಲರೆ ಉಪಾಯಗಳನ್ನ ಹೇಳೋಕೆ ನನಗೆ ನಾಚಿಕೆ ಇಲ್ಲ.

ಒಂದು ಸಲ ತುಂಬಾ ಖುಷಿಯಲ್ಲಿ ಬಂದರು. ತಮ್ಮ ಕೆಳಗಿನ ಸೂಪರ್‌ವೈಸರ್ ಒಬ್ಬ ಟೈಲರ್ ಮೇಲೆ ಕೂಗಾಡಿದ್ದಕ್ಕೆ, ಎಲ್ಲರ ಎದುರು ಅವನಿಗೆ ಸರಿಯಾಗಿ ಕೂಗಾಡಿದರಂತೆ, "ನಮ್ಮ ಫ್ಲೋರ್‌ನಲ್ಲಿ ಯಾರೂ ಬೈಯೋ ಹಾಗಿಲ್ಲ!" ಅಂತ. ನನಗೆ ನಗು ತಡೆಯೋಕೆ ಆಗಲಿಲ್ಲ, ಅವರಿಗೂ ತಡವಾಗಿ ಹೊಳೆಯಿತು. "ಬೈಯಲೇಬಾರದು" ಅನ್ನೋದು ಅಷ್ಟರಲ್ಲಿ ಅವರ ಹೊಸ ವೇದವಾಕ್ಯ ಆಗಿಬಿಟ್ಟಿತ್ತು. ದುಪಟ್ಟಾ ಮೆಷಿನ್ ಬೆಲ್ಟಿಗೆ ಸಿಕ್ಕಿದರೆ ಕೂಗಲೇಬೇಕು, ಗಂಟಲು ಕಿತ್ತುಹೋಗೋ ಹಾಗೆ. ಅದಕ್ಕೇ ಹೊಸದಕ್ಕೂ ಒಂದು ಚೀಟಿ ಬರೆಸಿದೆ. ಎಲ್ಲಿ ಇದು ನಡೆಯುತ್ತೆ, ಎಲ್ಲಿ ನಡೆಯಲ್ಲ, ಏನಾದ್ರೆ ಬಿಡ್ತೀನಿ ಅಂತ.

ಈಗ ತಿಂಗಳಿಗೊಮ್ಮೆ ಬರುತ್ತಾರೆ, ಎಚ್‌ಆರ್ ಕಳಿಸದಿದ್ದರೂ. ಹೋದ ಸಲ ಇನ್ನೊಂದು ನಂಬಿಕೆ ಮೇಜಿನ ಮೇಲಿಟ್ಟರು. ಲೈನಿನಲ್ಲಿ ಮುಕ್ಕಾಲುವಾಸಿ ಹೆಂಗಸರು, ಆರು ಸೂಪರ್‌ವೈಸರ್‌ಗಳೂ ಗಂಡಸರು. "ಹೆಂಗಸರ ಮಾತು ಹೆಂಗಸರೇ ಕೇಳಲ್ಲ" ಅಂತ ಬರೆದಿದ್ದಾರೆ. ನಾಲ್ಕನೇ ಲೈನಿನ ಕಾಲರ್ ಟೈಲರ್ ಒಬ್ಬರನ್ನು ಮೂರು ತಿಂಗಳ ಮಟ್ಟಿಗೆ ಸೂಪರ್‌ವೈಸರ್ ಮಾಡಿ ನೋಡೋದು ಅಂತ ತೀರ್ಮಾನವಾಯಿತು. ದಿನದ ಪೀಸ್ ಎಷ್ಟಕ್ಕಿಂತ ಇಳಿದರೆ ತಮ್ಮ ಮಾತು ನಿಜ, ಇಳಿಯದಿದ್ದರೆ ಸುಳ್ಳು ಅಂತ ಈ ಸಲ ನಾನು ಕೇಳೋ ಮೊದಲೇ ಬರೆದು ತಂದಿದ್ದರು. ಅಂಕಿ ಸ್ವಲ್ಪ ಜಾಸ್ತಿಯೇ ಇಟ್ಟಿದ್ದರು. ನೀವು ಗಂಡಸರಿಗೆ ಇಡೋ ಟಾರ್ಗೆಟ್ಟೇ ಇಡಿ ಅಂದೆ, ತಿದ್ದಿದರು.