ಬೇಡ, ಬಾರದು, ಕೂಡದು

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ‘ಬಂಡೀಪುರ: ರಾತ್ರಿ ಸಂಚಾರ ನಿಷೇಧ’ ಎಂದು ತಲೆಬರಹ ಕೊಟ್ಟಿದ್ದೀರಿ. ಒಳಗೆ ಒಂದು ಕಡೆ ‘ನಿರ್ಬಂಧ’, ಇನ್ನೊಂದು ಕಡೆ ‘ತಡೆ’. ಮೂರೂ ಒಂದೇನಾ? ಎಲ್ಲ ಸಂಸ್ಕೃತವೇ ಆಯ್ತಲ್ಲ, ಬೇಡ ಅನ್ನೋದಕ್ಕೂ ಕನ್ನಡದಲ್ಲಿ ಪದ ಇಲ್ವಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಕೊನೆಯ ಪ್ರಶ್ನೆಗೆ ಉತ್ತರ ನಿಮ್ಮ ಪ್ರಶ್ನೆಯೊಳಗೇ ಇದೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ನಮ್ಮ ತಪ್ಪು. ಮೂರು ಪದ ಬಳಸಿದ್ದು ಅರ್ಥ ನೋಡಿ ಅಲ್ಲ, ಒಂದೇ ಪದ ಮತ್ತೆ ಮತ್ತೆ ಬರದಿರಲಿ ಅಂತ.

ನಿಷೇಧದ ಒಳಗಿರುವುದು ಸಂಸ್ಕೃತದ ‘ಸಿಧ್’. ಓಡಿಸು, ಅಟ್ಟು ಎಂಬ ಅರ್ಥ. ಹಿಂದೆ ‘ನಿ’ ಬಂದದ್ದರಿಂದ ಸ ಹೋಗಿ ಷ ಆಯಿತು. ಧ ಮಾತ್ರ ಹಾಗೇ ಉಳಿಯಿತು. ಹಾಗಾಗಿ ಬೋರ್ಡುಗಳಲ್ಲಿ ಕಾಣುವ ‘ನಿಷೇದ’ ತಪ್ಪು. ನಿರ್ಬಂಧದಲ್ಲಿರುವುದು ಬಂಧ, ಅಂದರೆ ಕಟ್ಟು. ಗದ್ದೆಗೆ ನುಗ್ಗಿದ ಹಸುವನ್ನು ಅಟ್ಟಿದರೆ ನಿಷೇಧ. ಗೂಟಕ್ಕೆ ಕಟ್ಟಿ, ಹಗ್ಗ ಇರುವಷ್ಟು ದೂರ ಮೇಯಲು ಬಿಟ್ಟರೆ ನಿರ್ಬಂಧ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ಆಂಬುಲೆನ್ಸ್ ಮತ್ತು ಕೆಲವೇ ಬಸ್ಸುಗಳಿಗೆ ಮಾತ್ರ ದಾರಿ. ರಾತ್ರಿಯ ಮಾತಾದರೆ ನಿಷೇಧ, ಇಡೀ ದಿನದ ಮಾತಾದರೆ ನಿರ್ಬಂಧ. ತಲೆಬರಹದಲ್ಲಿ ‘ರಾತ್ರಿ’ ಇದ್ದುದರಿಂದ ಅದು ಬಚಾವಾಯಿತು.

ತಡೆ ಸಂಸ್ಕೃತವಲ್ಲ, ನಮ್ಮದೇ. ತಮಿಳಿನಲ್ಲೂ ‘ತಡೈ’ ಇದೆ. ‘ತಡ ಮಾಡಬೇಡ’ ಅನ್ನುವಾಗಿನ ತಡವೂ ಇದೇ ಮನೆಯದು. ಕೋರ್ಟಿನ ತಡೆಯಾಜ್ಞೆ ಬಂದರೆ ಕೇಸು ಮುಗಿಯುವುದಿಲ್ಲ, ತಡವಾಗುತ್ತದೆ, ಅಷ್ಟೇ.

ನಿಮ್ಮ ಕಡೆ ಹಿರಿಯರ ಬಾಯಲ್ಲಿ, ನಿಷೇಧ ಅನ್ನುವ ಅರ್ಥದಲ್ಲೇ, ‘ಮನಾಯಿ’ ಕೇಳಿರಬಹುದು. ಅದು ಅರಬ್ಬಿಯಲ್ಲಿ ಹುಟ್ಟಿ, ಪಾರಸಿ ಹಾದು, ಮರಾಠಿಗೆ ಬಂದು ನೆಲೆಸಿದ ಪದ. ಬಂದ್, ಬಂದೋಬಸ್ತ್ ಎರಡೂ ಪಾರಸಿಯವು, ನಮ್ಮ ‘ಬಂಧ’ದ ದೂರದ ನೆಂಟರು. ಅಂದರೆ ಬಂದ್ ದಿನ ಬಂದೋಬಸ್ತ್ ಹಾಕುವುದು ಕಟ್ಟಿದ್ದರ ಮೇಲೆ ಇನ್ನೊಂದು ಕಟ್ಟು!

ಈಗ ನಿಮ್ಮ ಕೊನೆಯ ಪ್ರಶ್ನೆ. ಬೇಡ, ಬಾರದು, ಕೂಡದು: ಮೂರೂ ಅಚ್ಚಕನ್ನಡ. ಬಾರದು ಅಂದರೆ ಸುಮ್ನೆ ‘ಬರುವುದಿಲ್ಲ’ ಅಂತ. ‘ನನಗೆ ಈಜು ಬಾರದು’ ಅನ್ನುವಾಗ ಅದರ ಹಳೆಯ ಅರ್ಥ ಇನ್ನೂ ಇದೆ. ಕೂಡದು ಅಂದರೆ ಕೂಡಿಬರುವುದಿಲ್ಲ, ಹೊಂದುವುದಿಲ್ಲ. ಬೇಡ ಹುಟ್ಟಿದ್ದು ‘ಬೇಡು’ವಿನಿಂದ. ಬೇಡುವುದು ಅಂದರೆ ಕೇಳುವುದು, ಬಯಸುವುದು. ಬೇಡ ಅಂದರೆ ಅದು ನನಗೆ ಬಯಕೆಯಿಲ್ಲ ಅಂತ. ತಮಿಳಿನ ವೇಂಡುಂ (ಬೇಕು), ವೇಂಡಾಂ (ಬೇಡ) ಪಕ್ಕದಲ್ಲಿಟ್ಟು ನೋಡಿ, ನಂಟು ಕಾಣುತ್ತದೆ. ಮೂರರಲ್ಲೂ ‘ಇಲ್ಲ’ ಅನ್ನುವ ಮಾತೇ ಇಲ್ಲ. ಇಲ್ಲವೆನ್ನುವುದು ಕ್ರಿಯಾಪದದ ಒಳಗೇ ಕರಗಿದೆ.

ಪಾರ್ಕಿನ ಬೋರ್ಡನ್ನೇ ತೆಗೆದುಕೊಳ್ಳಿ. ‘ಹೂ ಕೀಳಬೇಡಿ’ ಅಂದರೆ ಮನೆಯವರು ಹೇಳಿದ ಹಾಗೆ. ‘ಕೀಳಬಾರದು’ ಅಂದರೆ ಮೇಷ್ಟ್ರು. ‘ಕೀಳಕೂಡದು’ ಅಂದರೆ ಕೈಯಲ್ಲಿ ಲಾಠಿ ಇದೆ. ‘ಹೂ ಕೀಳುವುದನ್ನು ನಿಷೇಧಿಸಲಾಗಿದೆ’ ಅಂದಾಗ ನಿಷೇಧಿಸಿದವರು ಯಾರು ಅಂತಲೇ ಗೊತ್ತಾಗುವುದಿಲ್ಲ. ನನಗೆ ಮೊದಲನೆಯದೇ ಇಷ್ಟ.

ನಮ್ಮ ತಲೆಬರಹವನ್ನೂ ‘ಬಂಡೀಪುರ: ರಾತ್ರಿ ವಾಹನ ಓಡುವಂತಿಲ್ಲ’ ಅಂತ ಹಾಕಬಹುದಿತ್ತು. ಸಾಲು ಉದ್ದವಾಯ್ತು ಅಂತ ಪುಟ ಕಟ್ಟುವವರು ಗೊಣಗುತ್ತಿದ್ದರು, ಅಷ್ಟೇ.