ಡೆಂಗಿ ವೈರಸ್ಸಿಗೆ ಮೈಟೊಕಾಂಡ್ರಿಯದಲ್ಲೇನು ಕೆಲಸ?

ನಮಸ್ಕಾರ. ಡೆಂಗಿ ವೈರಸ್ ಮೈಟೊಕಾಂಡ್ರಿಯವನ್ನು ಉದ್ದ ಮಾಡುತ್ತದಂತೆ, ಅದರಿಂದ ವೈರಸ್ಸಿಗೇನು ಲಾಭ, ಜ್ವರ ಬಿಟ್ಟ ಮೇಲಿನ ಸುಸ್ತಿಗೂ ಅದೇ ಕಾರಣವಾ ಅಂತ ಕೇಳಿದ್ದೀರಿ.

ಓದಿದ್ದು ನಿಜ. ಮೈಟೊಕಾಂಡ್ರಿಯ ಶಕ್ತಿ ತಯಾರಿಸುತ್ತದೆ ಅಂತಷ್ಟೇ ಶಾಲೆಯಲ್ಲಿ ಕಲಿತಿರುತ್ತೇವೆ. ಆದರೆ ಅದರ ಹೊರಪೊರೆಯ ಮೇಲೆ ಎಂಎವಿಎಸ್ ಎಂಬ ಪ್ರೋಟೀನ್ ಕಾವಲು ಕೂತಿರುತ್ತದೆ. ಇದು ಗೊತ್ತಾಗಿದ್ದು 2005ರಲ್ಲಿ. ಕೋಶದೊಳಗೆ ವೈರಸ್ಸಿನ ಆರ್‌ಎನ್‌ಎ ಕಂಡರೆ ರಿಗ್-ಐ ಎಂಬ ಇನ್ನೊಂದು ಪ್ರೋಟೀನ್ ಇದಕ್ಕೆ ಸುದ್ದಿ ಮುಟ್ಟಿಸುತ್ತದೆ, ವೈರಸ್ಸನ್ನು ತಡೆಯಲು ದೇಹ ಬಳಸುವ ಇಂಟರ್‌ಫೆರಾನ್ ಎಂಬ ಪ್ರೋಟೀನಿನ ತಯಾರಿ ಶುರುವಾಗುತ್ತದೆ. ವೈರಸ್ಸಿಗೆ ಕೆಡಿಸಬೇಕಾದದ್ದು ಈ ಸುದ್ದಿಯನ್ನೇ.

2016ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ತಂಡ ಡೆಂಗಿಯ ಎನ್‌ಎಸ್4ಬಿ ಪ್ರೋಟೀನ್ ಈ ಕೆಲಸ ಮಾಡುವುದನ್ನು ತೋರಿಸಿತು. ಮೈಟೊಕಾಂಡ್ರಿಯವನ್ನು ತುಂಡರಿಸುವ ಡಿಆರ್‌ಪಿ1 ಎಂಬ ಕೋಶದ ಪ್ರೋಟೀನ್ ಸುಮ್ಮನಾಗುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಿಡ್ಡ ತುಂಡುಗಳಿರಬೇಕಾದಲ್ಲಿ ಶಾವಿಗೆಯಂಥ ಉದ್ದ ಎಳೆಗಳು. ರಿಗ್-ಐ ಸಂಕೇತವೂ ಕುಗ್ಗುತ್ತದೆ. ನನಗೆ ಈಗಲೂ ಬೆರಗು: ಹತ್ತೇ ಪ್ರೋಟೀನುಗಳ ವೈರಸ್ ಇದು!

ಆದರೆ 2015ರ ಇನ್ನೊಂದು ಅಧ್ಯಯನದಲ್ಲಿ ಅದೇ ವೈರಸ್ಸಿನ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ), ಮೈಟೊಕಾಂಡ್ರಿಯಗಳನ್ನು ಬೆಸೆಯುವ ಮೈಟೊಫ್ಯೂಸಿನ್ ಎಂಬ ಪ್ರೋಟೀನುಗಳನ್ನೇ ಕತ್ತರಿಸುವುದು ಕಂಡಿತ್ತು. ಅಂದರೆ ಉದ್ದವಾಗುವುದಲ್ಲ, ಚೂರಾಗುವುದು. ಹಾಗಾಗಿ ‘ಉದ್ದ ಮಾಡುತ್ತದೆ’ ಎಂಬ ಒಂದೇ ಸಾಲನ್ನು ಪೂರ್ತಿ ಕತೆ ಅಂದುಕೊಳ್ಳಬೇಡಿ.

ಸುಸ್ತಿನ ವಿಷಯ: ಇವು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ ಕಂಡದ್ದು. ನಿಮ್ಮ ಸುಸ್ತಿಗೆ ಇದೇ ಕಾರಣ ಅಂತ ಇದರಿಂದ ಹೇಳಲಾಗದು. ಇದನ್ನು ನಂಬಿ ‘ಮೈಟೊಕಾಂಡ್ರಿಯ ಮಾತ್ರೆ’ ಕೊಳ್ಳಬೇಡಿ. ವಾರಗಟ್ಟಲೆ ಸುಸ್ತು ಇಳಿಯದಿದ್ದರೆ ದಯವಿಟ್ಟು ವೈದ್ಯರಿಗೆ ತೋರಿಸಿ.