ಹಾಲ್‌ನೊಳಗೆ ಹೆಲಿಕಾಪ್ಟರ್: ನೀವು ಕೇಳಿದ್ದು, ನಾನು ಹೇಳಿದ್ದು

ರಜೆ ಮುಗಿಯುತ್ತಿದ್ದಂತೆ ನನಗೆ ಪತ್ರಗಳು ಜಾಸ್ತಿ. ರಜೆಯಲ್ಲಿ ಕೊಂಡದ್ದೆಲ್ಲ ಕೆಡುವ ಸಮಯ ಇದು, ಅಲ್ವಾ? ಈ ಸಲ ಬಂದವುಗಳಲ್ಲಿ ಹೆಚ್ಚಿನವು ಮನೆಯೊಳಗೆ ಹಾರಿಸುವ ಪುಟ್ಟ ರಿಮೋಟ್ ಹೆಲಿಕಾಪ್ಟರ್‌ನವು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ.

ಮಗನಿಗೆ ಕೊಡಿಸಿದ ಸೈಮಾ ಎಸ್107 ನೆಲ ಬಿಟ್ಟ ತಕ್ಷಣ ಬುಗುರಿ ಥರ ಗಿರಗಿರ ತಿರುಗುತ್ತದೆ. ರಿಮೋಟ್‌ನ ಟ್ರಿಮ್ (ಗಿರಕಿ ಸರಿಪಡಿಸುವ ಗುಂಡಿ) ಒಂದು ಕಡೆಗೆ ಪೂರ್ತಿ ತಿರುಗಿಸಿದರೂ ನಿಲ್ಲುವುದಿಲ್ಲ. ರಿಪೇರಿ ಆಗಲ್ಲ, ಹೊಸದು ತಗೊಳ್ಳಿ ಅಂತಾರೆ ಅಂಗಡಿಯವರು.
– ಒಬ್ಬ ತಾಯಿ, ದಾವಣಗೆರೆ

ಹೊಸದು ಈಗಲೇ ಬೇಡಮ್ಮ. ಮೊದಲು ದುಡ್ಡು ಖರ್ಚಿಲ್ಲದ ಪರೀಕ್ಷೆ. ಸ್ವಿಚ್ ಹಾಕುವಾಗ ಮಗ ಅದನ್ನು ಕೈಯಲ್ಲಿ ಹಿಡಿದುಕೊಂಡಿರುತ್ತಾನಾ ನೋಡಿ. ಇದರೊಳಗೆ ಜೈರೋ, ಅಂದರೆ ಮೈ ತಿರುಗುವುದನ್ನು ಗ್ರಹಿಸುವ ಪುಟ್ಟ ಸಾಧನ ಇದೆ. ಆನ್ ಆದ ಕೆಲವು ಕ್ಷಣ ಅದು 'ನಾನೀಗ ಅಲುಗಾಡದೆ ನಿಂತಿದ್ದೇನೆ' ಎಂದು ಗುರುತು ಹಾಕಿಕೊಳ್ಳುತ್ತದೆ. ಆಗ ಕೈ ಅಲ್ಲಾಡಿದರೆ ಆ ಗುರುತೇ ತಪ್ಪು. ಸಮತಟ್ಟಾದ ನೆಲದ ಮೇಲಿಟ್ಟು ಆನ್ ಮಾಡಿ, ಕೈ ತೆಗೆದು, ಒಂದೆರಡು ಉಸಿರು ಕಾದು ಹಾರಿಸಲಿ. ಎಷ್ಟೋ 'ಕೆಟ್ಟ' ಹೆಲಿಕಾಪ್ಟರ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ.

ಆಗಲೂ ತಿರುಗಿದರೆ, ಯಾವ ಕಡೆಗೆ ತಿರುಗುತ್ತದೆ ಗಮನಿಸಿ. ಮೇಲಿನ ರೆಕ್ಕೆ ಜೋಡಿ ಒಂದು ಕಡೆಗೆ, ಕೆಳಗಿನದು ಇನ್ನೊಂದು ಕಡೆಗೆ ಸುತ್ತುತ್ತದೆ. ಎರಡರ ಬಲ ಸರಿಸಮ ಇದ್ದರೆ ಮೈ ನೆಟ್ಟಗೆ ನಿಲ್ಲುತ್ತದೆ. ಒಂದು ಸೋತರೆ, ಸೋತ ಜೋಡಿ ಯಾವ ದಿಕ್ಕಿಗೆ ಸುತ್ತುತ್ತಿತ್ತೋ ಮೈಯೂ ಅದೇ ದಿಕ್ಕಿಗೆ ತಿರುಗುತ್ತದೆ. ರೆಕ್ಕೆಯ ದಪ್ಪ ಅಂಚು ಯಾವಾಗಲೂ ಮುಂದೆ ಇರುತ್ತದೆ, ಅದನ್ನು ನೋಡಿದರೆ ಯಾವ ಜೋಡಿ ಯಾವ ದಿಕ್ಕಿನದು ಅಂತ ಗೊತ್ತಾಗುತ್ತದೆ. ಸೋತದ್ದು ಯಾವುದು ಅಂತ ತಿಳಿಯಿತಲ್ಲ, ಇನ್ನು ಅದರ ಕಾರಣ ಹುಡುಕಿ.

ಕಾರಣ ಹೆಚ್ಚಾಗಿ ಕೂದಲು. ಹೌದು, ತಲೆಕೂದಲು. ನೆಲದ ಮೇಲೆ ಇಳಿದಾಗಲೆಲ್ಲ ಒಂದೊಂದನ್ನು ಎಳೆದುಕೊಳ್ಳುತ್ತದೆ. ಗೇರ್ ಚಕ್ರ ಮತ್ತು ಫ್ರೇಮಿನ ನಡುವೆ, ಶಾಫ್ಟಿನ ಬುಡದಲ್ಲಿ, ಬಿಗಿಯಾಗಿ ಸುತ್ತಿಕೊಂಡು ಕಪ್ಪು ಉಂಗುರದಂತೆ ಕೂತಿರುತ್ತದೆ. ಮೇಲಿಂದ ಕಾಣುವುದಿಲ್ಲ, ಟಾರ್ಚ್ ಹಾಕಿ ಪಕ್ಕದಿಂದ ನೋಡಬೇಕು. ಬ್ಲೇಡಿನ ತುದಿಯಿಂದ ಒಂದು ಕಡೆ ಕತ್ತರಿಸಿ, ಚಿಮಟದಿಂದ ನಿಧಾನಕ್ಕೆ ಎಳೆಯಿರಿ. ಎಳೆದಷ್ಟೂ ಬರುತ್ತದೆ. ನನ್ನ ಬೆಂಚಿನ ಮೇಲೆ ಬಂದವುಗಳಲ್ಲಿ ಜಡೆ ಹಾಕುವಷ್ಟು ಸಿಕ್ಕಿದ್ದೂ ಉಂಟು. ತೆಗೆದ ಮೇಲೆ ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿ ತುದಿಯಲ್ಲಿ ಅದ್ದಿ, ಶಾಫ್ಟಿಗೆ ಒಂದೇ ಹನಿ ಮುಟ್ಟಿಸಿ. ಕೊಬ್ಬರಿ ಎಣ್ಣೆ ಬೇಡ. ಚಳಿಗೆ ಗಟ್ಟಿಯಾಗಿ ಕೂತುಬಿಡುತ್ತದೆ. ಮೋಟರಿಗೂ ಗೇರಿನ ಹಲ್ಲುಗಳಿಗೂ ಯಾವ ಎಣ್ಣೆಯೂ ಬೇಡ.

ಕೂದಲು ಇಲ್ಲವಾದರೆ ರೆಕ್ಕೆಯ ಅಂಚು ಚಿಪ್ಪೆದ್ದಿರಬಹುದು, ಗೇರಿನ ಒಂದು ಹಲ್ಲು ಸವೆದಿರಬಹುದು. ಇವೆರಡೂ ಸರಿ ಇದ್ದರೆ ಮೋಟರ್. ಅದರೊಳಗೆ ಕರೆಂಟ್ ದಾಟಿಸುವ ಬ್ರಷ್ ಸವೆಯುವ ವಸ್ತುವೇ. ಹೊಸ ಮೋಟರ್ ತರುವಾಗ ಹಳೆಯದನ್ನು ಅಂಗಡಿಗೆ ಒಯ್ದು ಶಾಫ್ಟಿನ ಉದ್ದ ತಾಳೆ ನೋಡಿ. ಮುಂದಿನ ಮೋಟರ್, ಹಿಂದಿನ ಮೋಟರ್ ಎರಡೂ ಒಂದೇ ಎಂದು ಕೊಟ್ಟರೆ ನಂಬಬೇಡಿ.

ಮೊಮ್ಮಗನಿಗೆಂದು ತಂದದ್ದು, ಈಗ ಮಧ್ಯಾಹ್ನ ಅವನು ಶಾಲೆಗೆ ಹೋದ ಮೇಲೆ ನಾನೇ ಹಾರಿಸುತ್ತೇನೆ. ಗೋಡೆ ಕಂಡರೆ ಸಾಕು, ಅಲ್ಲಿಗೇ ಹೋಗಿ ಬಡಿಯುತ್ತದೆ. ಒಮ್ಮೊಮ್ಮೆ ಮೇಲೆ ಹೋಗಿ ಸೂರಿಗೆ ಅಂಟಿಕೊಳ್ಳುತ್ತದೆ.
– ನಿವೃತ್ತ ಮೇಷ್ಟ್ರು, ಧಾರವಾಡ

ಅಜ್ಜಾರೇ, ಮೊದಲು ಸೀಲಿಂಗ್ ಫ್ಯಾನ್ ಆಫ್ ಮಾಡಿ. ಸೆಕೆ ಆಗುತ್ತದೆ, ಗೊತ್ತು. ಆದರೆ ಫ್ಯಾನ್ ಇದ್ದಲ್ಲಿ ಇದು ಹಾರುವುದಿಲ್ಲ.

ಗೋಡೆಯದು ನಿಮ್ಮ ಕೈಯ ದೋಷ ಅಲ್ಲ, ಗಾಳಿಯ ಕೆಲಸ. ರೆಕ್ಕೆ ಕೆಳಗೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ಸುತ್ತ ಹರಡುತ್ತದೆ. ಹತ್ತಿರದಲ್ಲಿ ಗೋಡೆ ಇದ್ದರೆ ಅದನ್ನು ಹತ್ತಿ ಮೇಲೆ ಬಂದು ಮತ್ತೆ ರೆಕ್ಕೆಯೊಳಗೇ ಹೋಗುತ್ತದೆ. ಆ ಬದಿಯ ರೆಕ್ಕೆಗೆ ಹಿಡಿತ ಕಡಿಮೆಯಾಗಿ ಮೈ ಅತ್ತ ವಾಲುತ್ತದೆ. ಸೂರಿನ ಹತ್ತಿರ ಇನ್ನೊಂದು ಬಗೆ. ರೆಕ್ಕೆಗೂ ಸೂರಿಗೂ ನಡುವಿನ ಗಾಳಿಯನ್ನೆಲ್ಲ ರೆಕ್ಕೆ ಹೀರಿಬಿಡುವುದರಿಂದ ಹೆಲಿಕಾಪ್ಟರ್ ಮೇಲಕ್ಕೇ ಎಳೆಯಲ್ಪಡುತ್ತದೆ. ಹಾಗಾಗಿ ತಲೆ ಎತ್ತರ ದಾಟುತ್ತಿದ್ದಂತೆಯೇ ಥ್ರಾಟಲ್ (ರೆಕ್ಕೆಯ ವೇಗದ ಕಡ್ಡಿ) ಇಳಿಸಲು ಶುರು ಮಾಡಿ. ಅಂಟಿಕೊಂಡ ಮೇಲೆ ಇಳಿಸಿದರೆ ಕಲ್ಲಿನಂತೆ ಬೀಳುತ್ತದೆ.

ನೆಲದ ಹತ್ತಿರವೂ ಅದು ನೆಟ್ಟಗಿರುವುದಿಲ್ಲ. ತನ್ನದೇ ಗಾಳಿಯ ಮೇಲೆ ಜಾರುತ್ತದೆ. ಹೊಸಬರು ಹೆದರಿ ಒಂದು ಗೇಣು ಎತ್ತರದಲ್ಲೇ ಇಟ್ಟುಕೊಂಡು ಒದ್ದಾಡುತ್ತಾರೆ. ಧೈರ್ಯವಾಗಿ ಸೊಂಟದೆತ್ತರಕ್ಕೆ ಎತ್ತಿ, ಅಲ್ಲೇ ಸುಲಭ. ನೀವು ಬಾಲದ ಹಿಂದೆ ನಿಲ್ಲಿ. ಮೂತಿ ನಿಮ್ಮ ಕಡೆ ತಿರುಗಿದರೆ ಎಡ ಬಲ ಅದಲುಬದಲು ಕಾಣುತ್ತದೆ, ಅದನ್ನು ಆಮೇಲೆ ಕಲಿಯಿರಿ. ಏನಾದರೂ ಬಡಿಯುತ್ತದೆ ಅನಿಸಿದರೆ ತಪ್ಪಿಸಲು ಹೋಗಬೇಡಿ, ಥ್ರಾಟಲ್ ಪೂರ್ತಿ ಸೊನ್ನೆಗೆ ತನ್ನಿ. ಮೂರಡಿಯಿಂದ ಸುಮ್ನೆ ಬಿದ್ದರೆ ಇದಕ್ಕೇನೂ ಆಗುವುದಿಲ್ಲ. ಸುತ್ತುತ್ತಿರುವ ರೆಕ್ಕೆ ಗೋಡೆಗೆ ತಾಗಿದರೇ ಮುರಿಯುವುದು. ನಿಮ್ಮ ಕಡೆ ನವಲಗುಂದದ ಜಮಖಾನೆ ಇರುತ್ತದಲ್ಲ, ಅದನ್ನು ಹಾಸಿ. ಅಂಚಿನ ದಾರದ ಗೊಂಡೆಗಳನ್ನು ಮಾತ್ರ ಒಳಗೆ ಮಡಚಿಡಿ.

ಮೊಮ್ಮಗನಿಗೆ ಹೇಳುವುದಿಲ್ಲ ಬಿಡಿ.

ಅಣ್ಣ ತಮ್ಮ ಇಬ್ಬರಿಗೂ ಒಂದೊಂದು ತಂದೆವು. ಒಂದರ ರಿಮೋಟ್ ಒತ್ತಿದರೆ ಎರಡೂ ಏಳುತ್ತವೆ. ಬಾಲ್ಕನಿಯಲ್ಲಿ ಎರಡೂ ಏಳುವುದಿಲ್ಲ!
– ಓದುಗರೊಬ್ಬರು, ತುಮಕೂರು

ನಿಮ್ಮವು ಇನ್‌ಫ್ರಾರೆಡ್‌ನವು, ಟಿವಿ ರಿಮೋಟ್‌ನ ಬಳಗ. ರಿಮೋಟ್‌ನಲ್ಲಿ ಎ, ಬಿ ಎಂಬ ಗುಂಡಿ ಇರುತ್ತದೆ. ಅಣ್ಣನದು ಎ, ತಮ್ಮನದು ಬಿ ಮಾಡಿ, ಹೆಲಿಕಾಪ್ಟರ್‌ಗಳನ್ನು ಒಂದಾದ ಮೇಲೊಂದು ಆನ್ ಮಾಡಿ. ಗುಂಡಿ ಇಲ್ಲದೆ, ಕೊಂಡಾಗಲೇ ಎರಡಕ್ಕೂ ಒಂದೇ ಅಕ್ಷರ ಬಂದಿದ್ದರೆ ಅಂಗಡಿಯಲ್ಲಿ ಬದಲಿಸಿಕೊಳ್ಳಿ. ಬಾಲ್ಕನಿಯಲ್ಲಿ ಬಿಸಿಲಿದೆ. ಬಿಸಿಲಲ್ಲೂ ಇನ್‌ಫ್ರಾರೆಡ್ ಧಾರಾಳ ಇರುವುದರಿಂದ ರಿಮೋಟ್‌ನ ಮಾತು ಅದರಲ್ಲಿ ಮುಳುಗಿಹೋಗುತ್ತದೆ. ರಿಮೋಟ್‌ನ ತಂತಿಯಿಂದಲೇ ಚಾರ್ಜ್ ಮಾಡುವ ಅಭ್ಯಾಸ ಇದ್ದರೆ ಬಿಡಿ. ಆರು ಪೆನ್ಸಿಲ್ ಸೆಲ್ ಬೇಗ ಖಾಲಿಯಾಗುತ್ತವೆ. ಯುಎಸ್‌ಬಿ ತಂತಿ ಕೊಟ್ಟಿರುತ್ತಾರೆ.

ನನ್ನ ಎಸ್107ಕ್ಕೆ ದೊಡ್ಡ ಬ್ಯಾಟರಿ, ಚಿಕ್ಕ ಕ್ಯಾಮೆರಾ, ಎರಡು ಬಣ್ಣದ ಎಲ್‌ಇಡಿ ಹಾಕಿ ಪೊಲೀಸ್ ಹೆಲಿಕಾಪ್ಟರ್ ಮಾಡಬೇಕು. ಹೇಗೆ ಶುರು ಮಾಡಲಿ?
– ಪಿಯುಸಿ ವಿದ್ಯಾರ್ಥಿ, ಹಾಸನ

ತಮ್ಮಾ, ಅಕ್ಕಸಾಲಿಗರ ಹತ್ತಿರ ಇರುವಂಥ ಗ್ರಾಂ ತೂಕದ ಪುಟ್ಟ ಡಿಜಿಟಲ್ ತಕ್ಕಡಿ ತಗೊಂಡು ಶುರು ಮಾಡು. ಇದರ ಇಡೀ ತೂಕ ನಲವತ್ತು ಗ್ರಾಂ ಆಸುಪಾಸು. ಒಂದು ರೂಪಾಯಿ ನಾಣ್ಯ ಮೂರು ಗ್ರಾಂ ಮೇಲಿದೆ. ಆ ನಾಣ್ಯವನ್ನು ಹೊಟ್ಟೆಗೆ ಟೇಪ್ ಹಾಕಿ ಅಂಟಿಸಿ ಹಾರಿಸಿ ನೋಡು. ಏಳುತ್ತದೆ, ಆದರೆ ಥ್ರಾಟಲ್ ಎಷ್ಟು ಮೇಲೆ ಹೋಯಿತು, ಇಳಿದ ಮೇಲೆ ಮೋಟರ್ ಎಷ್ಟು ಬಿಸಿಯಾಗಿದೆ ಮುಟ್ಟಿ ನೋಡು. ಬೆರಳು ಇಡಲಾಗದಷ್ಟು ಬಿಸಿ ಇದ್ದರೆ ಬ್ರಷ್ ಸವೆಯುತ್ತಿದೆ ಎಂದೇ ಅರ್ಥ.

ಅದಕ್ಕೇ ಹೇಳುವುದು, ದೊಡ್ಡ ಬ್ಯಾಟರಿ ಬೇಡ. ಇರುವುದು 150 ಎಂಎಎಚ್‌ನದು. ಅದರ ಎರಡರಷ್ಟು ಹಾಕಿದರೆ ಎರಡರಷ್ಟು ಹೊತ್ತು ಹಾರುವುದಿಲ್ಲ. ಹೆಚ್ಚು ಸಿಕ್ಕಿದ ಕರೆಂಟಿನಲ್ಲಿ ಒಂದು ಪಾಲು ಬ್ಯಾಟರಿಯನ್ನೇ ಹೊರಲು ಹೋಗುತ್ತದೆ. ಕ್ಯಾಮೆರಾ ಆಸೆಯನ್ನೂ ಸದ್ಯಕ್ಕೆ ಬಿಡು.

ಎಲ್‌ಇಡಿ ಹಾಕಬಹುದು. ಅದಕ್ಕೆ ತೂಕವೇ ಇಲ್ಲ ಅನ್ನಬಹುದು. ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ ಕೂದಲೆಳೆಯಷ್ಟು ಸಣ್ಣ ಎನಾಮಲ್ ತಂತಿ, ಅಕ್ಕಿಕಾಳಿಗಿಂತ ಚಿಕ್ಕ ಎಲ್‌ಇಡಿ, ರೆಸಿಸ್ಟರ್ ತಗೋ. ಬಣ್ಣ ಹಚ್ಚುವುದಾದರೆ ನೀರಿನಲ್ಲಿ ಕರಗುವ ಅಕ್ರಿಲಿಕ್, ಒಂದೇ ತೆಳು ಪದರ. ಥಿನ್ನರ್ ಬೆರೆಸುವ ಬಣ್ಣ ಪ್ಲಾಸ್ಟಿಕ್ಕನ್ನು ತಿಂದುಬಿಡಬಹುದು.

ಮಾರ್ಪಾಡು ಅಂದರೆ ನನಗೆ ಇಷ್ಟವಾದದ್ದು ತೆಗೆಯುವ ಕೆಲಸ. ಕೆಳಗಿನ ಕಾಲುಪಟ್ಟಿ ಮುರಿದಿದೆಯಾ? ಉರಿದು ಮುಗಿದ ಊದುಬತ್ತಿಯ ಬಿದಿರುಕಡ್ಡಿ ತಗೋ. ಬಣ್ಣದ ಬುಡ ಕೆರೆದು, ಮರಳು ಕಾಗದದಲ್ಲಿ ತೆಳ್ಳಗೆ ಮಾಡಿ, ಬೇಕಾದ ಉದ್ದಕ್ಕೆ ಕತ್ತರಿಸಿ ದಾರ ಸುತ್ತಿ ಫೆವಿಕ್ವಿಕ್‌ನ ಒಂದು ಹನಿ ಮುಟ್ಟಿಸು. ಹಳೆಯದಕ್ಕಿಂತ ಹಗುರ, ಬಡಿದಾಗ ಬಾಗುತ್ತದೆ, ಮುರಿಯುವುದಿಲ್ಲ. ಬಾಲದ ಆಧಾರಕ್ಕೂ ಇದೇ ಕಡ್ಡಿ ಸಾಕು. ಮೈಸೂರಿನಲ್ಲಿ ಈ ಕಚ್ಚಾಮಾಲಿಗೆ ಬರವಿಲ್ಲ. ಫೆವಿಕ್ವಿಕ್ ಮಾತ್ರ ಶಾಫ್ಟಿನ ಹತ್ತಿರ ತರಬೇಡ, ಪಾರದರ್ಶಕ ಮೂತಿಯ ಹತ್ತಿರವೂ ಬೇಡ. ಅದರ ಹೊಗೆಗೆ ಬಿಳಿ ಮಬ್ಬು ಕೂರುತ್ತದೆ.

ಏನೇ ಅಂಟಿಸಿದರೂ ನಡುಶಾಫ್ಟಿನ ಹತ್ತಿರ ಇರಲಿ. ಕೆಲಸ ಮುಗಿದ ಮೇಲೆ ಮೇಲ್ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತೂಗಾಡಿಸು, ಮೈ ಅಡ್ಡಕ್ಕೆ ಸಮವಾಗಿ ನಿಲ್ಲಬೇಕು. ಮೂತಿಗೆ ಚಿಟಿಕೆ ಮೇಣ ಅಂಟಿಸಿದರೆ ಮುಂದಕ್ಕೆ ಜೋರಾಗಿ ಓಡುತ್ತದೆ, ಹುಡುಗರು ಮಾಡುವ ಮೊದಲ ಕಿತಾಪತಿ ಇದೇ. ಆದರೆ ಆಮೇಲೆ ಒಂದೆಡೆ ನಿಲ್ಲುವುದಿಲ್ಲ, ಸದಾ ಹಿಂದಕ್ಕೆ ಎಳೆಯುತ್ತಿರಬೇಕು. ಕಲ್ಯಾಣ ಮಂಟಪದಷ್ಟು ಜಾಗ ಇದ್ದರೆ ಮಜಾ, ಹಾಲ್‌ನಲ್ಲಿ ಸಾಕುಸಾಕಾಗುತ್ತದೆ.

ನಿಜವಾದ ಹೆಲಿಕಾಪ್ಟರ್‌ಗೂ ತಲೆ ಮೇಲೆ ಎರಡೆರಡು ಫ್ಯಾನ್ ಇರುತ್ತಾ ಅಂಕಲ್? ಮೇಲಿರೋ ಗುಂಡು ಗುಂಡು ಕಡ್ಡಿ ಯಾಕೆ?
– ನಾಲ್ಕನೇ ಕ್ಲಾಸ್, ಕಾರವಾರ

ಇರುತ್ತೆ ಮರಿ, ಅದೂ ನಿಮ್ಮೂರಿಗೇ ನಂಟಿರೋದು! ನಿಮ್ಮ ಕಾರವಾರದ ನೌಕಾನೆಲೆಯಲ್ಲಿ ನಿಲ್ಲುವ ವಿಕ್ರಮಾದಿತ್ಯ ಹಡಗಿನಿಂದ ಕಮೋವ್ ಕಾ-31 ಎನ್ನುವ ಹೆಲಿಕಾಪ್ಟರ್ ಹಾರುತ್ತದೆ. ಒಂದರ ಮೇಲೊಂದು ಎರಡು ಫ್ಯಾನ್, ನಿನ್ನದರ ಹಾಗೆಯೇ ವಿರುದ್ಧ ದಿಕ್ಕಿಗೆ. ಮೈ ತಿರುಗದಂತೆ ಹಿಡಿಯಲು ಬಾಲದಲ್ಲಿ ಫ್ಯಾನ್ ಬೇಡ. ಬಾಲ ಗಿಡ್ಡ ಇದ್ದರೆ ಹಡಗಿನ ಮೇಲೆ ಜಾಗ ಉಳಿಯಿತಲ್ಲ! ಬೆಂಗಳೂರಿನ ಎಚ್‌ಎಎಲ್ ಮಾಡಿರುವ ಧ್ರುವ್ ಬೇರೆ ಥರ. ಮೇಲೆ ಒಂದೇ ಫ್ಯಾನ್, ಅದಕ್ಕೇ ಬಾಲದ ಪಕ್ಕದಲ್ಲಿ ಇನ್ನೊಂದು.

ಗುಂಡುಕಡ್ಡಿಯ ಹೆಸರು ಫ್ಲೈಬಾರ್. ತಿರುಗುತ್ತಿರುವ ಭಾರಕ್ಕೆ ತನ್ನ ಮಟ್ಟ ಬಿಡಲು ಮನಸ್ಸಿರುವುದಿಲ್ಲ. ಹೆಲಿಕಾಪ್ಟರ್ ವಾಲಿದರೂ ಕಡ್ಡಿ ಮಟ್ಟವಾಗೇ ಸುತ್ತುತ್ತಿರುತ್ತದೆ, ಚಿಕ್ಕ ಕೊಂಡಿಯಿಂದ ಮೇಲಿನ ರೆಕ್ಕೆಯನ್ನು ಎಳೆದು ಸರಿಮಾಡುತ್ತದೆ. ಅಮೆರಿಕದಲ್ಲಿ ಆರ್ಥರ್ ಯಂಗ್ ಎಂಬಾತ ಇಂಥ ಕಡ್ಡಿಯನ್ನು ಹಳೇ ಕೊಟ್ಟಿಗೆಯೊಂದರಲ್ಲಿ ಪುಟ್ಟ ಮಾದರಿಗಳ ಮೇಲೆ ಪ್ರಯೋಗ ಮಾಡಿದ. 1941ರಲ್ಲಿ ಆ ಮಾದರಿಯನ್ನು ಬೆಲ್ ಕಂಪನಿಗೆ ತೋರಿಸಿದ. ಅದರಿಂದ ಬಂದದ್ದು ಬೆಲ್ 47. 1946ರಲ್ಲಿ ಜನಸಾಮಾನ್ಯರ ಬಳಕೆಗೆ ಅನುಮತಿ ಸಿಕ್ಕ ಮೊದಲ ಹೆಲಿಕಾಪ್ಟರ್ ಅದು. ಮನೆಯಲ್ಲಿ ಯಾರಾದರೂ 'ಬರೀ ಆಟಿಕೆ' ಅಂದರೆ ಈ ಕಥೆ ಹೇಳು.

ನಿನ್ನದು ಗಾಳಿಯಲ್ಲಿ ಬಟ್ಟಲಿನ ಅಂಚಿನ ಮೇಲೆ ಉರುಳಿದಂತೆ ಸುತ್ತು ಹೊಡೆಯಲು ಶುರು ಮಾಡಿದರೆ ಆ ಕೊಂಡಿ ಕಳಚಿರುತ್ತದೆ. ಉಗುರಲ್ಲಿ ಒತ್ತಿದರೆ ಟಕ್ ಅಂತ ಕೂರುತ್ತದೆ.

ಮೂರು ಚಾನೆಲ್‌ನದು (ಮೇಲೆ-ಕೆಳಗೆ, ಹಿಂದೆ-ಮುಂದೆ, ಎಡ-ಬಲ ತಿರುಗುವುದು, ಇಷ್ಟೇ) ಈಗ ಬೇಸರ. ಮುಂದಿನದು ಯಾವುದು? ಲೈಸೆನ್ಸ್ ಏನಾದರೂ ಬೇಕಾ?
– ಐಟಿ ಉದ್ಯೋಗಿ, ಬೆಂಗಳೂರು

ಮೂತಿ ನಿಮ್ಮ ಕಡೆ ಇಟ್ಟುಕೊಂಡು ಒಂದು ನಿಮಿಷ ಒಂದೇ ಕಡೆ ನಿಲ್ಲಿಸಬಲ್ಲಿರಾ? ಹಾಗಾದರೆ ಮುಂದೆ ಹೋಗಿ. ಇಲ್ಲವಾದರೆ ನಿಮ್ಮ ಬೇಸರ ಇನ್ನೂ ಕಚ್ಚಾ.

ಮುಂದಿನದು ಡಬ್ಲ್ಯುಎಲ್‌ಟಾಯ್ಸ್ ವಿ911 ಥರದ್ದು. ನಾಲ್ಕು ಚಾನೆಲ್, ಮೇಲೆ ಒಂದೇ ಫ್ಯಾನ್, 2.4 ಗಿಗಾಹರ್ಟ್ಸ್ ರೇಡಿಯೊ. ಹಾಗಾಗಿ ಬಿಸಿಲಿನ ಕಾಟ ಇಲ್ಲ. ಪಕ್ಕಕ್ಕೂ ಜಾರುತ್ತದೆ, ಹಳೆಯದರಲ್ಲಿ ಇಲ್ಲದ್ದು ಇದೇ. ಮೊದಲ ವಾರ ನಿಮಗೆ ಏನೂ ಬರುವುದಿಲ್ಲ ಎನಿಸುತ್ತದೆ. ತಲೆಕೆಳಗಾಗಿ ಹಾರುವ ಆರು ಚಾನೆಲ್‌ನವುಗಳಿಗೆ ನೇರ ಹಾರಬೇಡಿ. ಮೊದಲು ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಬೀಳಿಸಿ. ಅಲ್ಲಿ ರೆಕ್ಕೆಗೆ ದುಡ್ಡಿಲ್ಲ.

ಬೆಲೆ ಏರಿರುವುದಕ್ಕೆ ಅಂಗಡಿಯವರನ್ನಷ್ಟೇ ಬೈಯಬೇಡಿ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಮಕ್ಕಳ ಆಟಿಕೆ ಎಂದು ಮಾರುವುದಕ್ಕೆ 2021ರ ಜನವರಿಯಿಂದ ಐಎಸ್‌ಐ ಗುರುತೂ ಕಡ್ಡಾಯ, ಡಬ್ಬದ ಮೇಲೆ ನೋಡಿಕೊಳ್ಳಿ. ಲೈಸೆನ್ಸ್ ವಿಷಯಕ್ಕೆ ಬಂದರೆ, 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ ವರ್ಗ, ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ. ನಿಮ್ಮದು ಅದರ ಕಾಲು ಭಾಗವೂ ತೂಗುವುದಿಲ್ಲ.

ಬ್ಯಾಟರಿ ದಿಂಬಿನ ಥರ ಊದಿಕೊಂಡಿದೆ. ಚುಚ್ಚಿ ಗಾಳಿ ತೆಗೆದರೆ ಸರಿಯಾಗುತ್ತಾ? ನಿಮಗೆ ಕಳಿಸಲಾ?
– ಓದುಗರೊಬ್ಬರು, ಮಂಗಳೂರು

ಚುಚ್ಚಲೇಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ. ಅದರ ಕಾಲ ಮುಗಿಯಿತು. ಚಾರ್ಜಿಗೂ ಹಾಕಬೇಡಿ. ತಂತಿಯ ತುದಿಗಳಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ, ಮಣ್ಣಿನ ಕುಡಿಕೆಯಲ್ಲಿ ಮನೆ ಹೊರಗಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಒಣ ಕಸದ ಜೊತೆ ಹಾಕಿದರೆ ಕಸದ ಗಾಡಿಯಲ್ಲಿ ಹೊತ್ತಿಕೊಳ್ಳಬಹುದು.

ಹೊಸದು ಊದದಿರಲು ಹೀಗೆ ಮಾಡಿ. ಇದರಲ್ಲಿರುವ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ತುಂಬಿದಾಗ 4.2 ವೋಲ್ಟ್, 3ಕ್ಕಿಂತ ಕೆಳಗೆ ಇಳಿದರೆ ಹಾಳು. ಹೆಲಿಕಾಪ್ಟರ್ ಮೇಲೇಳಲು ಆಲಸ್ಯ ತೋರಿಸಿದ ಕೂಡಲೇ ಇಳಿಸಿ. ಇನ್ನೊಂದು ಸುತ್ತು ಅಂತ ಹಿಂಡಬೇಡಿ. ಸ್ವಿಚ್ ಆಫ್ ಮಾಡಿ, ಮೈ ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ. ಹಾಸಿಗೆಯ ಮೇಲಲ್ಲ, ಟೈಲ್ಸ್ ಮೇಲೆ ಅಥವಾ ಸ್ಟೀಲ್ ತಟ್ಟೆಯಲ್ಲಿ. ಮನೆಯಲ್ಲಿ ಯಾರಾದರೂ ಎಚ್ಚರ ಇರಬೇಕು. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅರ್ಧ ಚಾರ್ಜ್‌ನಲ್ಲಿ ಎತ್ತಿಡಿ.

ಕೊರಿಯರ್‌ನಲ್ಲಿ ಮಾತ್ರ ದಯವಿಟ್ಟು ಕಳಿಸಬೇಡಿ. ಫೋಟೊ ಸಾಕು.